ಲ್ಯಾಂಡ್‌ಮಾಸ್ಟರಿನ ಬೆಳಕು

ಲೈಟು ಸಾಲುವುದಿಲ್ಲ ಎನ್ನುತ್ತ ಅಣ್ಣಪ್ಪ ನಾಯ್ಕ ಮೂರನೆಯ ಸಲ ಬಂದಾಗ ಕೃಷ್ಣಾನಂದ ಶೇಟರಿಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಹೊನ್ನಾವರದಲ್ಲಿ ಮೂವತ್ತು ವರ್ಷದಿಂದ ಡೈನಮೋ, ಸ್ಟಾರ್ಟರು, ಆಲ್ಟರ್ನೇಟರು ಬಿಚ್ಚಿ ತಂತಿ ಸುತ್ತಿ ಕೂರಿಸಿದ ಕೈ ಅವರದು. ಅಪ್ಪ, ಅಜ್ಜ ಬಂಗಾರದ ಕೆಲಸದವರು. ಇವರೊಬ್ಬರು ಬಂಗಾರ ಬಿಟ್ಟು ತಾಮ್ರ ಹಿಡಿದರು. ಸಪೂರ ತಂತಿಯನ್ನು ಎಲ್ಲೂ ಸಡಿಲವಾಗದಂತೆ, ಎಲ್ಲೂ ಉಜ್ಜದಂತೆ ಸುತ್ತುವುದಕ್ಕೆ ಅಕ್ಕಸಾಲಿಗರ ಬೆರಳೇ ಬೇಕು ಎಂದು ಕುಮಟಾ, ಭಟ್ಕಳದ ಗ್ಯಾರೇಜಿನವರೂ ಒಪ್ಪಿಕೊಂಡು ಕೆಲಸ ಕಳಿಸುತ್ತಿದ್ದರು. ಅವರ ಕೆಲಸ ತಿರುಗಿ ಬಂದದ್ದು ಕಡಿಮೆ. ಒಂದೇ ಗಾಡಿ ಒಂದೇ ದೂರು ಹೊತ್ತು ಮೂರು ಸಲ ಬಂದದ್ದಂತೂ ಇದೇ ಮೊದಲು.

ಗಾಡಿಯೂ ಅಂಥಿಂಥದಲ್ಲ. ಐವತ್ತಾರನೇ ಇಸವಿಯ ಕಪ್ಪು ಲ್ಯಾಂಡ್‌ಮಾಸ್ಟರ್. ದುಂಡು ಬೆನ್ನು, ಸೋಫಾದಂಥ ಸೀಟು, ಸ್ಟೇರಿಂಗಿನ ಪಕ್ಕದಲ್ಲೇ ಗೇರಿನ ಕೋಲು. ಎರಡು ಸಾವಿರದ ಒಂದನೇ ಇಸವಿಯಲ್ಲಿ, ಹೆದ್ದಾರಿ ತುಂಬ ಮಾರುತಿ, ಸುಮೋ ಓಡುತ್ತಿದ್ದ ಕಾಲದಲ್ಲಿ, ಕುಮಟೆಯಿಂದ ಭಟ್ಕಳದವರೆಗೆ ಮದುವೆ ದಿಬ್ಬಣಕ್ಕೆ ಜನ ಮೊದಲು ಕೇಳುತ್ತಿದ್ದದ್ದು ಅದನ್ನೇ. ಮದುಮಗ ಅದರಲ್ಲಿ ಕೂತು ಹೋದರೆ ಅದಕ್ಕೊಂದು ತೂಕ. ಲ್ಯಾಂಡ್‌ಮಾಸ್ಟರ್ ಯಾವತ್ತು ಬಿಡುವಾಗಿದೆ ಎಂದು ಕೇಳಿಕೊಂಡು ಮುಹೂರ್ತ ಇಡಿಸಿದವರೂ ಇದ್ದರು. ಹಳದೀಪುರದಲ್ಲಿ ಅಣ್ಣಪ್ಪ ಎಂಬ ಹೆಸರಿನವರು ನಾಲ್ಕೈದು ಜನ. ಲ್ಯಾಂಡ್‌ಮಾಸ್ಟರ್ ಅಣ್ಣಪ್ಪ ಎಂದರೆ ಇವನೊಬ್ಬನೇ.

ಏಪ್ರಿಲ್ ಮೊದಲ ವಾರದಲ್ಲಿ ಅವನು ಬಂದಾಗ ದೂರು ಸಹಜವಾಗಿಯೇ ಇತ್ತು. ದಿಬ್ಬಣ ಹೋಗುವುದು ಬೆಳಿಗ್ಗೆ, ತಿರುಗಿ ಬರುವುದು ಮುಸ್ಸಂಜೆಗೆ. ಗಂಡಿನ ಮನೆಯಲ್ಲಿ ದೀಪ ಹಚ್ಚಿದ ಮೇಲೇ ಮದುಮಗಳು ಹೊಸಿಲು ದಾಟಬೇಕು ಎನ್ನುವುದು ಆ ಕಡೆಯ ಹಲವು ಮನೆಗಳು ಬಿಡದೆ ನಡೆಸಿಕೊಂಡು ಬಂದ ಪದ್ಧತಿ. ಹಾಗಾಗಿ ಮದುಮಕ್ಕಳನ್ನು ಕೂರಿಸಿಕೊಂಡು ಬರುವ ಗಾಡಿಗೆ ಕತ್ತಲಾಗುವ ಹೊತ್ತಿನ ಲೈಟೇ ಮುಖ್ಯ. ಲ್ಯಾಂಡ್‌ಮಾಸ್ಟರಿನಲ್ಲಿ ಇದ್ದದ್ದು ಹುಟ್ಟಿದಾಗಿನ ಡೈನಮೋ. ಜೋರಾಗಿ ಓಡಿದರೆ ಬೆಳಕು, ತಿರುವಿನಲ್ಲಿ ನಿಧಾನ ಮಾಡಿದರೆ ದೀಪ ಕೆಂಪಗಾಗಿ ಹೋಗುತ್ತದೆ. ಅದು ಡೈನಮೋದ ಹುಟ್ಟುಗುಣ, ಯಾರೂ ಏನೂ ಮಾಡುವಂತಿಲ್ಲ.

ಮಾಡಬಹುದು, ಡೈನಮೋ ತೆಗೆದು ಆಲ್ಟರ್ನೇಟರು ಹಾಕಬಹುದು ಎಂದರು ಶೇಟರು. ಅಪಘಾತವಾದ ಒಂದು ಮಾರುತಿ ವ್ಯಾನಿನದು ಅವರಲ್ಲಿತ್ತು. ಅದನ್ನು ಪೂರ್ತಿ ಬಿಚ್ಚಿ ತೊಳೆದು, ಹೊಸ ತಂತಿ ಸುತ್ತಿ, ಬೇರಿಂಗು ಬದಲಿಸಿ, ಹಳೆಯ ಡೈನಮೋ ಕೂತಿದ್ದ ಜಾಗಕ್ಕೆ ಸರಿಯಾಗುವಂತೆ ಕಬ್ಬಿಣದ ಪಟ್ಟಿ ಬಗ್ಗಿಸಿ ಬೆಸುಗೆ ಹಾಕಿಸಿದರು. ಇನ್ನೂ ಒಂದು ಕೆಲಸವಿತ್ತು. ಆ ಕಾಲದ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನು ಗಾಡಿಯ ಕಬ್ಬಿಣದ ಮೈಗೆ ಜೋಡಿಸಿರುತ್ತಾರೆ. ಆಲ್ಟರ್ನೇಟರಿಗೆ ಅದು ಆಗುವುದಿಲ್ಲ, ಮೈನಸ್ಸನ್ನು ಮೈಗೆ ಜೋಡಿಸಬೇಕು. ಅದನ್ನೂ ತಿರುಗಿಸಿದರು. ಹಳೆಯ ಡೈನಮೋವನ್ನು ಗೋಣಿಯಲ್ಲಿ ಸುತ್ತಿ, ನಿನ್ನ ಗಾಡಿಯ ಸೊತ್ತು, ನಿನ್ನ ಹತ್ತಿರವೇ ಇರಲಿ ಎಂದು ಅಣ್ಣಪ್ಪನ ಕೈಗೇ ಕೊಟ್ಟರು.

ಹತ್ತು ದಿನಕ್ಕೆ ಅಣ್ಣಪ್ಪ ಮತ್ತೆ ಬಂದ. ಲೈಟು ಸಾಲುವುದಿಲ್ಲ. ಶೇಟರು ಲೈಟಿನ ವಯರು ಪೂರ್ತಿ ಬದಲಿಸಿ, ರಿಲೇ ಹಾಕಿ, ಬಲ್ಬು ಎರಡೂ ಹೊಸತು ಹಾಕಿದರು. ವಾರ ಬಿಟ್ಟು ಮತ್ತೆ ಬಂದ. ಈ ಸಲ ಸುಮೋದ ದೊಡ್ಡ ಆಲ್ಟರ್ನೇಟರನ್ನೇ ಕಟ್ಟಿ ಕೂರಿಸಿದರು. ಬಲ್ಬೂ ನೂರು ವ್ಯಾಟಿನದು. ಮರುದಿನ ಕುಮಟಾ ಬಸ್ಸಿನ ಡ್ರೈವರು ದುರ್ಗ ಚಾ ಕುಡಿಯಲು ಬಂದವನು ಅಂಗಡಿಯ ಬಾಗಿಲಲ್ಲಿ ನಿಂತ.

"ಶೇಟ್ರೆ, ಆ ಅಣ್ಣಪ್ಪನ ಗಾಡಿಗೆ ಎಂತ ಕಟ್ಟಿ ಕೊಟ್ರಿ? ಕರ್ಕಿಯಲ್ಲಿ ಎದುರಿಗೆ ಬಂತು. ನಂಗೆ ಬೆಳಗಾಯ್ತು ಅಂತ ಕಂಡ್ತು."

ಶೇಟರಿಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಅದಾಗಿ ನಾಲ್ಕೇ ದಿನಕ್ಕೆ, ಸಂಜೆ ಏಳರ ಹೊತ್ತಿಗೆ, ಅಣ್ಣಪ್ಪ ಲ್ಯಾಂಡ್‌ಮಾಸ್ಟರನ್ನು ಅಂಗಡಿಯ ಎದುರು ತಂದು ನಿಲ್ಲಿಸಿ ನಾಲ್ಕನೆಯ ಸಲ ಅದೇ ಮಾತು ಹೇಳಿದ.

"ಮುಂದೆ ಕಾಂತದೆ ಶೇಟ್ರೆ. ಬದಿಗೆ ಏನೇನೂ ಇಲ್ಲ. ಬಾವಿಯಲ್ಲಿ ಕೂತು ನೋಡ್ದಂಗೆ."

ಅಂಗಡಿಯ ಎದುರಿಗೆ ಮುಚ್ಚಿಹೋದ ಅಕ್ಕಿ ಗಿರಣಿಯ ಉದ್ದನೆಯ ಬಿಳಿ ಗೋಡೆ. ಯಾವ ಗಾಡಿಯ ಲೈಟು ನೋಡುವುದಿದ್ದರೂ ಶೇಟರು ಅದರ ಮೇಲೇ ನೋಡುವುದು. ಅಣ್ಣಪ್ಪನಿಗೆ ಎಂಜಿನ್ ಚಾಲೂ ಇಟ್ಟು ಲೈಟು ಹಾಕಿ ಒಳಗೇ ಕೂರಲು ಹೇಳಿ ತಾವು ಗೋಡೆಯ ಹತ್ತಿರ ಹೋದರು. ಬೆಳಕು ಗೋಡೆ ತುಂಬ ಇತ್ತು. ಅದಕ್ಕೆ ಅಂಟಿಸಿದ್ದ ಹಳೆಯ ಚುನಾವಣೆಯ ಚೀಟಿಯಲ್ಲಿ ಮುದ್ರಣಾಲಯದ ಹೆಸರು ಕೂಡ ಓದಬಹುದಿತ್ತು. ಎಡಕ್ಕೆ ನಾಲ್ಕು ಹೆಜ್ಜೆ ಸರಿದರು. ಅಲ್ಲಿಯೂ ಬೆಳಕು ಬಿದ್ದಿತ್ತು. ತಮ್ಮ ಬಿಳಿ ಅಂಗಿಯ ಮೇಲಿನ ಗ್ರೀಸಿನ ಕಲೆ ಎಣಿಸುವಷ್ಟು ಬೆಳಕು. ಕಡಿಮೆ ಎಲ್ಲಿದೆ ಮಾರಾಯ ಎಂದು ಕೇಳಬೇಕು ಎನ್ನುವಷ್ಟರಲ್ಲಿ ಅಣ್ಣಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, ಗೋಡೆಯ ನಡುವನ್ನೇ ನೋಡುತ್ತ ಕರೆದ.

"ಶೇಟ್ರೆ, ಎಲ್ಲಿ ಹೋದ್ರಿ?"

ಶೇಟರು ನಿಂತಲ್ಲೇ ಬಲಗೈ ಎತ್ತಿದರು. ಬಸ್ಸು ನಿಲ್ಲಿಸುವವರ ಹಾಗೆ ಬೀಸಿದರು. ಅಣ್ಣಪ್ಪ ಇನ್ನೂ ಗೋಡೆಯ ನಡುವನ್ನೇ ನೋಡುತ್ತಿದ್ದ. ಶೇಟರು ಎರಡು ಹೆಜ್ಜೆ ಒಳಕ್ಕೆ ಬಂದರು. ಇಲ್ಲ. ಇನ್ನೊಂದು ಹೆಜ್ಜೆ ಇಟ್ಟಾಗ ಅಣ್ಣಪ್ಪ ನಕ್ಕ. "ಹಾಂ, ಇಲ್ಲೇ ಇದ್ರಾ. ಈಗ ನೀವೇ ಹೇಳಿ, ಲೈಟು ಸಾಕಾ?"

ಶೇಟರ ಬಾಯಿಗೆ ಬಂದದ್ದು ಮೂವತ್ತು ವರ್ಷದಿಂದ ನೂರಾರು ಗಿರಾಕಿಗಳಿಗೆ ಹೇಳಿ ಹೇಳಿ ರೂಢಿಯಾದ ಮಾತು. ಆಲ್ಟರ್ನೇಟರಿನ ಡಯೋಡಿನ ಪ್ಲೇಟು ಸರಿಯಿಲ್ಲ ಕಾಣ್ತದೆ, ಬಿಚ್ಚಬೇಕು, ಪಾರ್ಟು ಹುಬ್ಬಳ್ಳಿಯಿಂದ ಬರಬೇಕು. ಅಣ್ಣಪ್ಪನ ಮುಖ ಅರಳಿತು. ನಾ ಹೇಳಲಿಲ್ಲವಾ ಎಂದ. ತನ್ನ ಮಾತನ್ನು ಕಡೆಗೂ ಒಬ್ಬರು ಒಪ್ಪಿದರಲ್ಲ ಎಂಬ ಸಮಾಧಾನ ಅದು. ಅದನ್ನು ನೋಡಿ ಶೇಟರಿಗೆ ಇನ್ನಷ್ಟು ಕಷ್ಟವಾಯಿತು.

ಅವನೊಬ್ಬನನ್ನೇ ಆ ಹೊತ್ತಿನಲ್ಲಿ ಕಳಿಸುವ ಧೈರ್ಯ ಬರಲಿಲ್ಲ. ನಿನ್ನ ಅಂಗಳದಲ್ಲೇ ಬಿಚ್ಚಿಕೊಂಡು ಬರುತ್ತೇನೆ ಎಂದು ಸಲಕರಣೆಯ ಚೀಲ ಹಿಡಿದು ಪಕ್ಕದಲ್ಲಿ ಕೂತರು. ಹಳದೀಪುರದವರೆಗಿನ ಆ ದಾರಿಯಲ್ಲಿ ಅವರಿಗೆ ಎಲ್ಲ ಅರ್ಥವಾಯಿತು. ಅಣ್ಣಪ್ಪ ರಸ್ತೆ ನೋಡಿ ಗಾಡಿ ಬಿಡುತ್ತಿರಲಿಲ್ಲ, ನಡುವಿನ ಬಿಳಿ ಗೆರೆ ನೋಡಿ ಬಿಡುತ್ತಿದ್ದ. ಉಳಿದದ್ದೆಲ್ಲ ಮೂವತ್ತು ವರ್ಷದ ರೂಢಿ. ಎಲ್ಲಿ ತಿರುವು, ಎಲ್ಲಿ ಮೋರಿ, ಎಲ್ಲಿ ಶಾಲೆ ಎಂದು ಕೈಗೇ ಗೊತ್ತು. ಎಡಬದಿಯಲ್ಲಿ ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದ ಇಬ್ಬರು ಹೆಂಗಸರು ಮಾತ್ರ ಕೈಗೆ ಗೊತ್ತಿರಲಿಲ್ಲ. ಜನ ಇದ್ದಾರೆ ಅಣ್ಣಪ್ಪ ಎಂದು ಶೇಟರು ಮೆಲ್ಲಗೆ ಹೇಳಿದರು. ಅಣ್ಣಪ್ಪ, ಮೊದಲೇ ಕಂಡವನ ಹಾಗೆ, ಸ್ಟೇರಿಂಗು ಸ್ವಲ್ಪ ಬಲಕ್ಕೆ ಎಳೆದ.

ಆಲ್ಟರ್ನೇಟರು ಬಿಚ್ಚಿ ಗೋಣಿಯಲ್ಲಿ ಹಾಕಿಕೊಂಡು ಶೇಟರು ಬಸ್ಸು ಹತ್ತಿ ಮನೆಗೆ ಬಂದರು. ಹೆಂಡತಿ ಮಾಲಿನಿಗೆ ವಿಷಯ ಹೇಳಿದಾಗ ಆಕೆ, ನೇರ ಹೇಳಿಬಿಡಿ, ಹೇಳಿದರೆ ಒಂದು ದಿನದ ಬೇಜಾರು, ಹೇಳದಿದ್ದರೆ ಎಲ್ಲರ ಮನೆ ಹಾಳು ಎಂದಳು. ಸರಿಯಾದ ಮಾತೇ. ಆದರೆ ಲ್ಯಾಂಡ್‌ಮಾಸ್ಟರ್ ಅಣ್ಣಪ್ಪನ ಹೆಸರಿನಿಂದ ಲ್ಯಾಂಡ್‌ಮಾಸ್ಟರನ್ನು ಕಿತ್ತರೆ ಉಳಿಯುವುದು ಏನು ಎಂದು ಶೇಟರಿಗೆ ಹೊಳೆಯಲಿಲ್ಲ. ಮರುದಿನ ಹೇಳೋಣ ಎಂದುಕೊಂಡರು. ಮರುದಿನ ಅಣ್ಣಪ್ಪ ಬಂದು ಪಾರ್ಟು ಬಂತಾ ಎಂದು ಕೇಳಿದಾಗ, ಇಲ್ಲ ಎಂದಷ್ಟೇ ಹೇಳಿದರು.

ಮೂರನೆಯ ದಿನ ಅಣ್ಣಪ್ಪನ ಹೆಂಡತಿ ಗಣಪಿ ಬಂದಳು. ಪೇಟೆಗೆ ಬಂದವಳಂತೆ ಕೈಯಲ್ಲಿ ಚೀಲ. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ್ದು ನೋಡಿಕೊಂಡು ಒಳಗೆ ಬಂದು ಬೆಂಚಿನ ತುದಿಯಲ್ಲಿ ಕೂತಳು.

"ಆ ಪಾರ್ಟು ಹುಬ್ಬಳ್ಳಿಯಿಂದ ಬರೂದೇ ಬ್ಯಾಡ ಶೇಟ್ರೆ."

ಶೇಟರು ಕೈಯಲ್ಲಿದ್ದ ಕೆಲಸ ಕೆಳಗಿಟ್ಟರು. ನಿಮಗೆ ಗೊತ್ತಿದೆಯಾ ಎಂದು ಕೇಳಿದರು.

ಎರಡು ವರ್ಷದಿಂದ ಗೊತ್ತು ಎಂದಳು ಆಕೆ. ಕುಮಟೆಯಲ್ಲಿ ಕಣ್ಣಿನ ಶಿಬಿರ ಆಗಿತ್ತು. ಕನ್ನಡಕ ಸಿಗುತ್ತದೆ ಎಂದು ಗಂಡ ಹೆಂಡತಿ ಇಬ್ಬರೂ ಹೋಗಿದ್ದರು. ಈಕೆಗೆ ಕನ್ನಡಕ ಸಿಕ್ಕಿತು. ಅವನನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ ಮೂರು ಸಲ ನೋಡಿದರು. ಕಣ್ಣು ಅಂಚಿನಿಂದ ಒಣಗುತ್ತ ಬರುತ್ತಿದೆ, ನಡುವಿನದು ಕಡೆಯಲ್ಲಿ ಹೋಗುತ್ತದೆ, ಇದಕ್ಕೆ ಆಪರೇಶನ್ನಿಲ್ಲ, ಔಷಧವಿಲ್ಲ, ಕತ್ತಲಾದ ಮೇಲೆ ಗಾಡಿ ಮುಟ್ಟಬೇಡ ಎಂದರು. ಬಸ್ಸಿನಲ್ಲಿ ಬರುವಾಗ ಅವನು ಹೆಂಡತಿಯ ಹತ್ತಿರ ಯಾರಿಗೂ ಹೇಳಬಾರದು ಎಂದು ಆಣೆ ಹಾಕಿಸಿಕೊಂಡ. ಗಾಡಿಯನ್ನು ಬೇರೆ ಡ್ರೈವರಿಗೆ ಕೊಡು ಎಂದು ಆಕೆ ಎಷ್ಟೋ ಸಲ ಹೇಳಿ ನೋಡಿದ್ದಳು. ಬೇರೆಯವ ಬಿಟ್ಟರೆ ಅದು ಬಾಡಿಗೆ ಕಾರು ಎಂದು ಎದ್ದುಹೋಗುತ್ತಿದ್ದ.

"ಅಂಗಳದಲ್ಲಿ ದನ ನಿಂತದ್ದು ಕಾಣದೆ ಅದಕ್ಕೇ ಹೋಗಿ ಹಾಯ್ದಾರೆ ಅವ್ರು. ನನ್ನ ಮಾತು ಕೇಳೂದಿಲ್ಲ. ನೀವು ಗಾಡಿ ನಿಲ್ಸಿದ್ರಿ. ಮಳೆ ಬೀಳೂವರಿಗೆ ಹಂಗೇ ನಿಲ್ಲಲಿ. ಎಂತಾರೂ ಹೇಳಿ."

ಶೇಟರು ಆತು ಎಂದರು. ಸುಳ್ಳು ಹೇಳುವುದಕ್ಕೆ ಒಬ್ಬರ ಜೊತೆ ಸಿಕ್ಕಿದ್ದರಿಂದ ಅದು ಅರ್ಧ ಸತ್ಯವಾದಂತೆ ಕಂಡಿತು. ಆಮೇಲೆ ವಾರವಿಡೀ ಅಣ್ಣಪ್ಪ ದಿನವೂ ಬಂದ. ಬೆಂಚಿನ ಮೇಲೆ ಕೂತು ಚಾ ಕುಡಿದು, ಹುಬ್ಬಳ್ಳಿಯ ಲಾರಿಯವರನ್ನು ಬೈದು ಹೋದ. ಬರುವ ಶುಕ್ರವಾರ ಕುಮಟೆಯವರ ದಿಬ್ಬಣವಿದೆ, ಹೆಣ್ಣು ಭಟ್ಕಳದ ಹತ್ತಿರ ತೆಂಗಿನಗುಂಡಿಯದು, ಮಾತು ಕೊಟ್ಟಾಗಿದೆ ಎಂದು ಹೇಳಿದ. ಬೇರೆ ಗಾಡಿ ಮಾಡಿಕೊಡು ಎಂದರು ಶೇಟರು. ಮರುದಿನದಿಂದ ಅವನು ಬರಲಿಲ್ಲ. ಒಪ್ಪಿಕೊಂಡ ಎಂದು ಶೇಟರು ಎಣಿಸಿದರು. ಸುಮ್ಮನಿದ್ದವರು ಒಪ್ಪಿದ್ದಾರೆ ಎಂದು ಎಣಿಸುವುದು ಸುಲಭ.

ಶುಕ್ರವಾರ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಬಸ್ ಸ್ಟ್ಯಾಂಡಿನ ಹೂವಿನ ಸುಕ್ರಿ ಅಂಗಡಿಯ ಮುಂದೆ ಹಾದುಹೋಗುವಾಗ, ಶೇಟರ ಕೈಗುಣ ದೊಡ್ಡದು ಎಂದು ಹೊಗಳಿದಳು. ಎಂತಕ್ಕೆ ಎಂದು ಕೇಳಿದರು. ಬೆಳಿಗ್ಗೆ ಲ್ಯಾಂಡ್‌ಮಾಸ್ಟರಿಗೆ ಅಬ್ಬಲಿಗೆ ಮಾಲೆ ಕಟ್ಟಿಕೊಟ್ಟವಳು ತಾನೇ, ಮದುಮಗನನ್ನು ಕೂರಿಸಿಕೊಂಡು ಹೊಳೆ ಸೇತುವೆ ದಾಟಿ ಗಾಳಿಯ ಹಾಗೆ ಹೋಯಿತು ಎಂದಳು.

ಶೇಟರ ಕಾಲ ಬುಡದಲ್ಲಿ ಆ ಗಾಡಿಯ ಆಲ್ಟರ್ನೇಟರು ಗೋಣಿಯೊಳಗೆ ಬಿದ್ದಿತ್ತು.

ಏನಾಗಿರಬಹುದು ಎಂದು ಊಹಿಸಲು ಅವರಿಗೆ ನಿಮಿಷವೂ ಬೇಕಾಗಲಿಲ್ಲ. ತಾವೇ ಗೋಣಿಯಲ್ಲಿ ಸುತ್ತಿ ಕೊಟ್ಟಿದ್ದ ಹಳೆಯ ಡೈನಮೋವನ್ನು ಅಣ್ಣಪ್ಪ ತಾನೇ ಕೂರಿಸಿಕೊಂಡಿದ್ದಾನೆ. ಅಷ್ಟು ಕೆಲಸ ಅವನಿಗೆ ಬರುತ್ತದೆ. ಬಾರದ್ದು ಒಂದೇ. ಬ್ಯಾಟರಿಯ ಪ್ಲಸ್ಸು ಮೈನಸ್ಸಿನ ದಿಕ್ಕು ಬದಲಾಗಿದೆ. ಡೈನಮೋದೊಳಗಿನ ಅಯಸ್ಕಾಂತಕ್ಕೆ ಹಳೆಯ ದಿಕ್ಕೇ ಹಿಡಿದಿರುತ್ತದೆ. ಅದಕ್ಕೆ ಒಮ್ಮೆ ಬ್ಯಾಟರಿಯ ತಂತಿ ತಾಗಿಸಿ ಹೊಸ ದಿಕ್ಕು ಹಿಡಿಸದಿದ್ದರೆ ಅದು ತಿರುಗುತ್ತದೆ, ಚಾರ್ಜು ಮಾತ್ರ ಆಗುವುದಿಲ್ಲ. ಹಗಲು ಬ್ಯಾಟರಿಯೊಂದರಲ್ಲೇ ಗಾಡಿ ಓಡುತ್ತದೆ, ಯಾರಿಗೂ ತಿಳಿಯುವುದಿಲ್ಲ. ಸಂಜೆ ನೂರು ವ್ಯಾಟಿನ ಎರಡು ಬಲ್ಬು ಹಾಕಿದರೆ ಅರ್ಧ ಗಂಟೆಯಲ್ಲಿ ಬ್ಯಾಟರಿ ಬತ್ತಿ ನಡುರಸ್ತೆಯಲ್ಲಿ ದೀಪ ಆರುತ್ತದೆ. ಹಿಂದಿನ ಸೀಟಿನಲ್ಲಿ ಮದುಮಕ್ಕಳು. ಸ್ಟೇರಿಂಗಿನ ಹಿಂದೆ, ದೀಪ ಇದ್ದರೂ ಅರ್ಧವೇ ಕಾಣುವವ. ಗಾಡಿ ನಿಲ್ಲಿಸುತ್ತೇನೆ ಎಂದುಕೊಂಡು ತಾವು ಮಾಡಿದ್ದು ಇಷ್ಟು. ಇದ್ದ ಬೆಳಕನ್ನೂ ಅವನ ಕೈಯಿಂದ ಕಿತ್ತುಕೊಂಡಿದ್ದರು.

ಅವರು ಗೋಣಿ, ಸಲಕರಣೆಯ ಚೀಲ ಹೊತ್ತು ಭಟ್ಕಳದ ಬಸ್ಸು ಹತ್ತಿದರು. ಆ ಬಸ್ಸು ಎಲ್ಲ ಕಡೆಯೂ ನಿಂತಿತು. ಮಂಕಿಯಲ್ಲಿ ಹತ್ತು ನಿಮಿಷ, ಮುರ್ಡೇಶ್ವರದ ತಿರುವಿನಲ್ಲಿ ಪ್ರವಾಸಿಗಳು ಇಳಿಯಲು ಇನ್ನೂ ಹತ್ತು ನಿಮಿಷ. ಕಂಡಕ್ಟರು ಗೋಣಿಯಲ್ಲಿ ಎಂತ, ಮೀನಾ ಎಂದು ಕೇಳಿದ. ಶೇಟರು ತಲೆಯಾಡಿಸಿದ್ದು ಹೌದು ಎಂದೋ ಅಲ್ಲ ಎಂದೋ ಅವರಿಗೇ ಗೊತ್ತಾಗಲಿಲ್ಲ. ರಿಕ್ಷಾ ಮಾಡಿಕೊಂಡು ತೆಂಗಿನಗುಂಡಿ ಮುಟ್ಟಿದಾಗ ಮೂರೂವರೆ. ಊಟ ಮುಗಿದು ಬಾಳೆಲೆ ತೆಗೆಯುತ್ತಿದ್ದರು. ಸಮುದ್ರದ ಕಡೆ ತೆಂಗಿನ ಮರಗಳ ನೆರಳಲ್ಲಿ ಲ್ಯಾಂಡ್‌ಮಾಸ್ಟರ್ ಮಾಲೆ ಹಾಕಿಕೊಂಡು ನಿಂತಿತ್ತು. ಪಕ್ಕದಲ್ಲಿ ಅಣ್ಣಪ್ಪ ಬಿಳಿ ಅಂಗಿ ತೊಟ್ಟು ವೀಳ್ಯ ಜಗಿಯುತ್ತಿದ್ದ. ನೇರ ಎದುರಿಗೆ ಬಂದದ್ದರಿಂದ ಶೇಟರು ಅವನಿಗೆ ದೂರದಿಂದಲೇ ಕಂಡರು.

"ಪಾರ್ಟು ಬಂತಾ ಶೇಟ್ರೆ?"

ಆ ದನಿಯಲ್ಲಿ ವ್ಯಂಗ್ಯವಿತ್ತು. ಬಂತು ಎಂದರು ಶೇಟರು. ಬಾನೆಟ್ಟು ಎತ್ತಿಸಿದರು. ಊಹಿಸಿದ್ದೇ ಆಗಿತ್ತು. ಚಾರ್ಜು ಆಗುತ್ತಿಲ್ಲ ಎಂದು ಮೀಟರು ಹಚ್ಚಿ ಅಣ್ಣಪ್ಪನಿಗೆ ತೋರಿಸಿದರು. ಶೇಟರು ಡೈನಮೋ ಬಿಚ್ಚುತ್ತ, ಗಣಪಿ ಬಂದು ಹೇಳಿದ್ದನ್ನು ಹೇಳಲಿಲ್ಲ. ಗೋಡೆಯ ಹತ್ತಿರ ನಿಂತು ತಾವು ಕೈ ಬೀಸಿದ್ದನ್ನು ಹೇಳಿದರು. ತಲೆ ಬಾನೆಟ್ಟಿನ ಒಳಗಿದ್ದದ್ದರಿಂದ ಹೇಳುವುದು ಸುಲಭವಾಯಿತು. ಲೈಟಿನಲ್ಲಿ ಏನೂ ಕಡಿಮೆಯಿಲ್ಲ, ಇದಕ್ಕಿಂತ ದೊಡ್ಡ ಆಲ್ಟರ್ನೇಟರು ಕಟ್ಟಿದರೂ ನಿನಗೆ ಕಾಣುವುದು ಅಷ್ಟೇ ಎಂದರು.

ಅಣ್ಣಪ್ಪ ವೀಳ್ಯ ಉಗಿದು ಬಂದು ಮಡ್‌ಗಾರ್ಡಿಗೆ ಒರಗಿ ನಿಂತ.

"ನಂಗೆ ಗೊತ್ತಿಲ್ವಾ ಅದು? ಡಾಕ್ಟ್ರು ಆಗೂದಿಲ್ಲ ಅಂದ್ರು. ನೀವು ಆಗೂದಿಲ್ಲ ಅಂದಿರ್ಲಿಲ್ಲ."

ಶೇಟರ ಸ್ಪ್ಯಾನರು ಬೋಲ್ಟಿನ ಮೇಲೇ ನಿಂತಿತು. ಮೊದಲ ಮೂರು ಸಲ ಬಂದಾಗಲೂ ಇವರು ಹೇಳಿದ್ದು ಒಂದೇ ಮಾತು. ಮಾಡಿಕೊಡುತ್ತೇನೆ ಮಾರಾಯ, ನಂಬು. ಅವನು ನಂಬಿದ್ದ.

ಆಲ್ಟರ್ನೇಟರು ಕೂರಿಸಿ, ಬೆಲ್ಟು ಬಿಗಿ ಮಾಡಿ, ಕೈ ಒರೆಸಿಕೊಂಡು ಅವರು ಚಪ್ಪರದ ಕಡೆ ಹೋದರು. ಮದುಮಗನ ತಂದೆಯನ್ನು ಬದಿಗೆ ಕರೆದು, ಮದುಮಕ್ಕಳನ್ನು ಬೇರೆ ಗಾಡಿಯಲ್ಲಿ ಕಳಿಸಿದರೆ ಒಳ್ಳೆಯದು, ಈ ಗಾಡಿಯಲ್ಲಿ ತೊಂದರೆಯಿದೆ ಎಂದರು. ಆ ಮನುಷ್ಯ ನಕ್ಕುಬಿಟ್ಟ. ನೀವೇ ಇಲ್ಲಿಯವರೆಗೆ ಬಂದು ರಿಪೇರಿ ಮಾಡಿದ್ದನ್ನು ಎಲ್ಲರೂ ನೋಡಿದ್ದಾರೆ, ಇನ್ನೆಂತ ತೊಂದರೆ ಎಂದ. ವ್ಯಾನು ಎರಡೂ ಜನರಿಂದ ತುಂಬಿವೆ, ಮದುಮಗಳು ಲ್ಯಾಂಡ್‌ಮಾಸ್ಟರಿನಿಂದ ಇಳಿಯುವುದನ್ನು ನೋಡಲು ಅಲ್ಲಿ ಕೇರಿಗೆ ಕೇರಿಯೇ ಕಾಯುತ್ತಿದೆ ಎಂದ. ಡ್ರೈವರಿಗೆ ಕಣ್ಣು ಕಾಣುವುದಿಲ್ಲ. ಹೇಳಬೇಕಾದದ್ದು ಮೂರೇ ಶಬ್ದ. ಆ ಮೂರು ಶಬ್ದ ಬಿದ್ದರೆ ಸಾಕು, ಅಣ್ಣಪ್ಪನ ಗಾಡಿಯನ್ನು ಮುಂದೆ ಯಾವ ಮದುವೆಯವರೂ ಕರೆಯುವುದಿಲ್ಲ, ಇವತ್ತಿನ ಮದುವೆಗೂ ಅಪಶಕುನದ ಮಾತು ಅಂಟಿಕೊಳ್ಳುತ್ತದೆ. ಶೇಟರು ಹಿಂದೆ ತಿರುಗಿ ನೋಡಿದರು. ಅಣ್ಣಪ್ಪ ಮಾಲೆಯ ಹೂವು ಸರಿಮಾಡುತ್ತಿದ್ದ. ಕೈಯಿಂದ ತಡವಿ ತಡವಿ.

ಹಾಗಾದರೆ ನಾನೂ ಮುಂದೆ ಕೂತು ಬರುತ್ತೇನೆ, ಆಲ್ಟರ್ನೇಟರು ಹೊಸತು, ದಾರಿಯಲ್ಲಿ ನೋಡಿಕೊಳ್ಳಬೇಕಾಗುತ್ತದೆ ಎಂದಷ್ಟೇ ಶೇಟರು ಮದುಮಗನ ತಂದೆಗೆ ಹೇಳಿದರು.

ಮುಂದಿನ ಸೀಟಿನ ನಡುವೆ ಮದುಮಗನ ಸೋದರತ್ತೆ ಹೊನ್ನಿ, ತುಂಬಿದ ಕಳಶ ತೊಡೆಯ ಮೇಲೆ ಇಟ್ಟುಕೊಂಡು. ಎಡದ ಕಿಟಕಿಗೆ ಶೇಟರು. ಶಿರಾಲಿ ದಾಟುವವರೆಗೂ ಹಗಲು ಇತ್ತು. ಮಂಕಿ ಬರುವಷ್ಟರಲ್ಲಿ ಬೆಳಕು ಇಳಿಯಿತು. ಅಣ್ಣಪ್ಪ ಲೈಟು ಹಾಕಿದ. ರಸ್ತೆ ಹಾಲು ಚೆಲ್ಲಿದ ಹಾಗೆ ಬೆಳಗಿತು. ಹಿಂದಿನಿಂದ ಮದುಮಗ ಆಹಾ ಎಂದ.

ಶೇಟರು ಮಾತು ಸುರುಮಾಡಿದರು. ಜಾಗ್ರತೆ ಎಂದು ಹೇಳುವಂತಿಲ್ಲ, ಹಿಂದೆ ಕೂತವರಿಗೆ ಭಯ. ಹಾಗಾಗಿ ಹರಟೆ ಹೊಡೆದರು. ಎಡಕ್ಕೆ ಸೈಕಲ್ಲು ಹೋಗುತ್ತಿದೆ ನೋಡು ಅಣ್ಣಪ್ಪ, ಒಂದೇ ಸೈಕಲ್ಲಿಗೆ ಮೂರು ಜನ. ಬಲಕ್ಕೆ ಲಾರಿ ನಿಲ್ಲಿಸಿಕೊಂಡು ಚಾ ಕುಡಿಯುತ್ತಿದ್ದಾನೆ, ಅರ್ಧ ಲಾರಿ ರಸ್ತೆಯ ಮೇಲೇ ಬಿಟ್ಟಿದ್ದಾನೆ ಪುಣ್ಯಾತ್ಮ. ಮುಂದೆ ಎಡಬದಿಗೆ ಮೂರು ಎಮ್ಮೆ, ಕಡೆಯದು ಕುಂಟುತ್ತಿದೆ. ಇಲ್ಲಿ ನಾಲ್ಕು ಹುಡುಗಿಯರು ಸಾಲಾಗಿ ನಿಂತಿದ್ದಾರೆ, ಬಸ್ಸು ಇನ್ನೂ ಬರಲಿಲ್ಲ ಕಾಣುತ್ತದೆ. ಒಂದೊಂದು ಮಾತಿಗೂ ಅಣ್ಣಪ್ಪನ ಕೈ ಒಂದಿಷ್ಟು ಅತ್ತ, ಒಂದಿಷ್ಟು ಇತ್ತ. ಅವನು ಹೂಂ ಎನ್ನುತ್ತಿದ್ದ.

"ಈ ಶೇಟ್ರ ಬಾಯಿಗೆ ಬೀಗ ಇಲ್ಲ," ಎಂದಳು ಹೊನ್ನಿ. ಹಿಂದೆ ಮದುಮಗಳು ಮೊದಲ ಸಲ ನಕ್ಕಳು. ಶೇಟರೂ ನಕ್ಕು ಮತ್ತೆ ಕಿಟಕಿಗೆ ಮುಖ ಕೊಟ್ಟರು. ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಶರಾವತಿಯ ಸೇತುವೆಯ ಮೇಲೆ ಕಟ್ಟೆಗೆ ಒರಗಿ ಗಾಳ ಹಾಕುವವರ ಸಾಲಿನಲ್ಲಿ ಒಬ್ಬ ತಟ್ಟನೆ ಒಂದು ಹೆಜ್ಜೆ ಹಿಂದಕ್ಕೆ, ರಸ್ತೆಯ ಮೇಲೆ ಇಟ್ಟ. ಶೇಟರಿಗೆ ಅದಕ್ಕೆ ಹರಟೆಯ ಮಾತು ಹೊಳೆಯಲಿಲ್ಲ. ಹೊನ್ನಿಯ ಮೇಲಿಂದ ಕೈ ಚಾಚಿ ಸ್ಟೇರಿಂಗನ್ನೇ ಬಲಕ್ಕೆ ಎಳೆದರು. ಕಳಶದ ನೀರು ತುಳುಕಿ ಹೊನ್ನಿಯ ಸೀರೆ ಒದ್ದೆಯಾಯಿತು. ಎದುರಿನಿಂದ ಏನೂ ಬರುತ್ತಿರಲಿಲ್ಲ, ಅಷ್ಟೇ. ಅದು ಯಾರ ಜಾಣತನವೂ ಅಲ್ಲ. ನಾಯಿ ಅಡ್ಡ ಬಂತು ಎಂದರು ಶೇಟರು. ಹೌದು, ನಾಯಿ ಎಂದ ಅಣ್ಣಪ್ಪ.

ಕುಮಟೆಯಲ್ಲಿ ಮನೆಯ ಮುಂದೆ ದೀಪ ಹಚ್ಚಿಟ್ಟಿದ್ದರು. ಮದುಮಗಳು ಇಳಿದಳು, ಆರತಿಯಾಯಿತು, ಅಕ್ಕಿಯ ಸೇರು ಒದ್ದು ಒಳಗೆ ಹೋದಳು. ಗಾಡಿಯ ಬೆಳಕನ್ನು ನೋಡಿ ಮೂರು ಜನ ಶೇಟರ ಅಂಗಡಿ ಎಲ್ಲಿ ಎಂದು ವಿಚಾರಿಸಿದರು.

ಹಳದೀಪುರಕ್ಕೆ ತಿರುಗಿ ಬರುವಾಗ ಗಾಡಿಯಲ್ಲಿ ಇಬ್ಬರೇ. ಈಗ ಹರಟೆ ಬೇಕಿರಲಿಲ್ಲ. ಎಡಕ್ಕೆ ಜನ, ಬಲಕ್ಕೆ ಗಾಡಿ ಎಂದು ಶೇಟರು ಬರಿದೆ ಹೇಳುತ್ತ ಬಂದರು. ಇದೇ ಕೊನೆ, ಇನ್ನು ಮುಂದೆ ಸಂಜೆ ಗಾಡಿ ತೆಗೆಯಬೇಡ ಎಂದು ಎರಡು ಸಲ ಹೇಳಿದರು. ಅಣ್ಣಪ್ಪ ನಡುವಿನ ಬಿಳಿ ಗೆರೆ ನೋಡುತ್ತ ಗಾಡಿ ಬಿಟ್ಟ.

ಗಣಪಿ ಅಂಗಳದ ತುದಿಯಲ್ಲೇ ನಿಂತಿದ್ದಳು. ಬೆಳಿಗ್ಗೆಯಿಂದ ಹಾಗೇ ನಿಂತವಳ ಹಾಗಿತ್ತು ಮುಖ. ಎಡದ ಬಾಗಿಲಿನಿಂದ ಶೇಟರು ಇಳಿದದ್ದನ್ನು ನೋಡಿ ಆ ಮುಖ ಸಡಿಲವಾಯಿತು. ನೀವು ಪಕ್ಕದಲ್ಲಿ ಕೂತಿದ್ದಿರಾ ಎಂದು ಕೇಳಿದಳು. ಭಟ್ಕಳದಿಂದ ಕುಮಟೆಯವರೆಗೂ ಕೂತಿದ್ದರು ಎಂದ ಅಣ್ಣಪ್ಪ.

"ಹಂಗಾರೆ ಇನ್ನೆಂತ ಹೆದರ್ಕೆ," ಎಂದಳು ಗಣಪಿ. "ನೀವಿದ್ರೆ ಸಾಕು."

ಶೇಟರು ಆಕೆಯ ಮುಖ ನೋಡಿದರು. ಗಾಡಿ ನಿಲ್ಲಿಸಿ ಎಂದು ಅಂಗಡಿಯ ಬೆಂಚಿನ ಮೇಲೆ ಕೂತು ಹೇಳಿದವಳು ಇವಳೇ. ಒಂದೇ ಒಂದು ಸಂಜೆ ಹೆದರಿಕೆ ಇಳಿಸಿಟ್ಟು ಕೂರುವಷ್ಟು ಜಾಗ ಸಿಕ್ಕಿತ್ತು, ಅದನ್ನು ಬಿಟ್ಟುಕೊಡುವ ಮನಸ್ಸು ಆಕೆಗಿರಲಿಲ್ಲ. ಆಕೆ ಚಾ ಮಾಡಲು ಒಳಗೆ ಹೋದಳು. ಅಣ್ಣಪ್ಪ ಗೋಡೆಯ ಕ್ಯಾಲೆಂಡರು ತೆಗೆದುಕೊಂಡು ಬಂದು, ಜಗುಲಿಯ ದೀಪದ ಕೆಳಗೆ ಕೂತು, ಮೂಗಿನ ಹತ್ತಿರ ಹಿಡಿದು ಒಪ್ಪಿಕೊಂಡ ದಿಬ್ಬಣಗಳನ್ನು ಓದಿದ. ಸೋಮವಾರ ಮಂಕಿ. ಬುಧವಾರ ಭಟ್ಕಳ ಪೇಟೆ. ಮುಂದಿನ ಭಾನುವಾರ ಎರಡು ಇದ್ದವು, ಒಂದಕ್ಕೆ ಹೂಂ ಅಂದಿದ್ದೇನೆ. ಮಳೆ ಹಿಡಿಯುವವರೆಗೆ ಒಟ್ಟು ಏಳು.

"ನಂಗೆ ಅಂಗಡಿ ಇದೆ ಅಣ್ಣಪ್ಪ. ಎಲ್ಲದಕ್ಕೂ ಬರೂಕೆ ಆಗೂದಿಲ್ಲ."

"ಆತು," ಎಂದ ಅಣ್ಣಪ್ಪ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಹಟವೂ ಇರಲಿಲ್ಲ. "ನಿಮ್ಗೆ ಆಗ್ದಿದ್ದ ದಿನ ನಾ ಒಬ್ನೇ ಹೋಗ್ತೆ."

ಗಣಪಿ ಚಾ ತಂದು ಇಬ್ಬರ ನಡುವೆ ಇಟ್ಟಳು. ಅಣ್ಣಪ್ಪ ಕ್ಯಾಲೆಂಡರನ್ನು ಕೆಳಗಿಟ್ಟು ಲೋಟಕ್ಕಾಗಿ ಕೈ ಚಾಚಿದ. ಲೋಟ ಒಂದು ಗೇಣು ಆಚೆಗಿತ್ತು. ಅವನ ಬೆರಳು ನೆಲದ ಮೇಲೆ ಅತ್ತಿತ್ತ ಹುಡುಕಿತು. ಶೇಟರು ಲೋಟವನ್ನು ಅವನ ಬೆರಳಿನ ಹತ್ತಿರ ಸರಿಸಿದರು.

"ಸೋಮವಾರದ್ದು ಎಷ್ಟೊತ್ತಿಗೆ ಹೊರಡೂದು?" ಎಂದು ಕೇಳಿದರು.